ವೆಂಕಟರಂಗಯ್ಯನ ಅಟ್ಟ

ಕ್ಯಾತ್ಸಂದ್ರದ ಹೊಸ ಮನೆಯ ಗೋಡೆಗೆ ಅಡವಿಯಪ್ಪ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದ. ಕಿವಿ ಹಚ್ಚಿ ಕೇಳಿದ. ಆಮೇಲೆ ಮನೆ ಕಟ್ಟಿಸಿ ಮಾರುತ್ತಿದ್ದ ಸಂಗಮೇಶನ ಕಡೆ ತಿರುಗಿ, “ಡಬ್ಬ ಕಣಯ್ಯ ಇದು,” ಎಂದ.

“ಯಜಮಾನ್ರೇ, ಆರಿಂಚು ಸಾಲಿಡ್ ಬ್ಲಾಕು. ಬೇಕಾದ್ರೆ ಮೊಳೆ ಹೊಡ್ದು ನೋಡಿ.”

“ಮೊಳೆ ಯಾಕಯ್ಯಾ? ಜೋರಾಗಿ ಒಂದ್ ಸಲ ಸೀನಿದ್ರೆ ಸಾಕು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಭೂಮಿಕಾ ಕಣ್ಣು ಮುಚ್ಚಿಕೊಂಡಳು. ನಾಲ್ಕು ತಿಂಗಳಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದ ಮನೆಗಳಲ್ಲಿ ಇದು ಏಳನೆಯದು. ಒಂದನ್ನು ಕೋಳಿಗೂಡು ಅಂದಿದ್ದ, ಇನ್ನೊಂದನ್ನು ಬಸ್ ಸ್ಟ್ಯಾಂಡು ಅಂದಿದ್ದ, ಇದು ಡಬ್ಬ. ಅವಳು ತುಮಕೂರಿನ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದಳು. ಗುಬ್ಬಿಯ ಬಾಡಿಗೆ ಮನೆಯಿಂದ ದಿನಾ ಬೆಳಿಗ್ಗೆ ರೈಲಿನಲ್ಲಿ ನಿಂತುಕೊಂಡು ಬಂದು, ಸಂಜೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದಳು. ಈ ಮನೆಯಿಂದಾದರೆ ಆಫೀಸಿಗೆ ಸ್ಕೂಟಿಯಲ್ಲಿ ಕಾಲು ಗಂಟೆ. ಸಾಲ ಅವಳ ಹೆಸರಿನಲ್ಲಿ, ಕಂತು ಅವಳ ಸಂಬಳದಲ್ಲಿ, ಇಪ್ಪತ್ತು ವರ್ಷ. ಆದರೆ ಮಾತು ಮಾತ್ರ ಅಪ್ಪನದು.

ಬಚ್ಚಲಿನಲ್ಲಿ ದಬದಬ ಸದ್ದಾಯಿತು. ಅಡವಿಯಪ್ಪನ ಹೆಂಡತಿ ಕಲ್ಲಮ್ಮ ಒಂದು ಬಕೆಟ್ ನೀರು ಹಿಡಿದು ನೆಲಕ್ಕೆ ಸುರಿದು, ಸೆರಗು ಸಿಕ್ಕಿಸಿಕೊಂಡು, ನೀರು ಯಾವ ಕಡೆ ಹೋಗುತ್ತದೆ ಎಂದು ಬಗ್ಗಿ ನೋಡುತ್ತಿದ್ದಳು.

“ನೀರು ಒಂದ್ ಹನಿ ನಿಲ್ಲಲಿಲ್ಲ ಕಣ್ರೀ,” ಎಂದಳು.

“ನೀರು ಹೋಗೋದ್ ನೋಡಾಕೆ ನಲವತ್ತೆಂಟು ಲಕ್ಷ ಕೊಡ್ಬೇಕೇನೇ? ಚರಂಡಿ ಹತ್ರ ಕುಂತ್ಕೋ, ಪುಕ್ಕಟೆ ನೋಡ್ಬೌದು.”

ಸಂಗಮೇಶ ನಕ್ಕಂತೆ ಮಾಡಿದ. ಆದರೆ ಅವನ ಕಣ್ಣು ನಗಲಿಲ್ಲ. “ನೋಡಿ ಮೇಡಂ,” ಎಂದು ನೇರವಾಗಿ ಭೂಮಿಕಾಗೇ ಹೇಳಿದ, “ಶಿರಾದವರೊಬ್ಬರು ಎರಡು ಸಲ ಬಂದು ಹೋಗಿದಾರೆ. ನಿಮಗೋಸ್ಕರ ಬರೋ ಸೋಮವಾರ ಸಂಜೆವರೆಗೂ ಇಟ್ಕೊಂಡಿರ್ತೀನಿ. ಆಮೇಲೆ ನನ್ನ ಬೈಕೋಬೇಡಿ.”

“ಈಗ್ಲೇ ಕೊಟ್ಬುಡು ಅವ್ರಿಗೆ,” ಎಂದು ಅಡವಿಯಪ್ಪ ಚಪ್ಪಲಿ ಮೆಟ್ಟಿಕೊಂಡ.

ಅವನ ಮನಸ್ಸು ಆಗಲೇ ಬೇರೆ ಮನೆಯಲ್ಲಿ ಕೂತಿತ್ತು. ಗುಬ್ಬಿಯಲ್ಲಿ ಅವನು ಕೆಲಸ ಮಾಡುವ ಕೊಬ್ಬರಿ ಮಂಡಿಗೆ ಎರಡು ಬೀದಿ ಆಚೆ ವೆಂಕಟರಂಗಯ್ಯನ ಮನೆ ಮಾರಾಟಕ್ಕಿತ್ತು. ಕಲ್ಲು ಗೋಡೆ, ಅಂಗೈ ಅಗಲದ ತೊಲೆ, ಕೆಂಪು ಗಾರೆ ನೆಲ, ಮೇಲೆ ಉದ್ದಕ್ಕೂ ಕೊಬ್ಬರಿ ಅಟ್ಟ. ಬೆಲೆಯೂ ಆರು ಲಕ್ಷ ಕಡಿಮೆ. ಆದರೆ ಅಡವಿಯಪ್ಪ ಮೆಚ್ಚಿದ್ದು ಬೆಲೆಯನ್ನಲ್ಲ.

ಅವನು ಇಪ್ಪತ್ತೆಂಟು ವರ್ಷದಿಂದ ಗುರುಪ್ರಕಾಶ್ ಸಾಹುಕಾರರ ಮಂಡಿಯಲ್ಲಿ ಕೊಬ್ಬರಿ ನೋಡಿ ದರ್ಜೆ ಹೇಳುವ ಕೆಲಸ ಮಾಡುತ್ತಿದ್ದ. ಈ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವ ರೀತಿ ಎಲ್ಲರಿಗೂ ಗೊತ್ತು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಂಡಿನ ಹಾಗೆ ಒಳಗೇ ಉರುಳಬೇಕು. ಅಟ್ಟ ಒಣಗಿದ್ದರೆ ಕೊಬ್ಬರಿ ಬೆಳ್ಳಗೆ ಬರುತ್ತದೆ. ಸೂರು ಸೋರಿದರೆ, ಗೋಡೆ ತೇವ ಹೀರಿದರೆ, ಕೊಬ್ಬರಿ ಕೌಟಾಗುತ್ತದೆ, ಬಾಯಿಗಿಟ್ಟರೆ ಉಗಿಯಬೇಕು. ಅಡವಿಯಪ್ಪ ಒಂದು ಕೊಬ್ಬರಿ ಹೋಳನ್ನು ಮೂಗಿನ ಹತ್ತಿರ ಹಿಡಿದರೆ, ಅದು ಮಲಗಿದ್ದ ಮನೆಯ ಸೂರಿನ ಯೋಗ್ಯತೆ ಹೇಳುತ್ತಿದ್ದ. ಮಂಡಿಗೆ ಕೊಬ್ಬರಿ ಹಾಕುವ ಓಬಳಯ್ಯನ ಮನೆಯ ಹೆಂಚು ಒಡೆದಿದೆ ಎಂದು ಓಬಳಯ್ಯನಿಗಿಂತ ಮೊದಲು ಅವನಿಗೆ ಗೊತ್ತಾಗಿತ್ತು. ಅದನ್ನು ಮಂಡಿಯಲ್ಲಿ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ವೆಂಕಟರಂಗಯ್ಯನ ಕೊಬ್ಬರಿ ವರ್ಷ ವರ್ಷವೂ ಒಂದೇ ಸಮ, ಹಾಲಿನಂಥ ಬಿಳುಪು. ಅಂಥ ಅಟ್ಟ ಇರುವ ಮನೆಯ ಗೋಡೆ ಇನ್ನು ಹೇಗಿರಬೇಕು?

ಮನೆ ನೋಡಲು ಹೋದ ದಿನ ಕಲ್ಲಮ್ಮನೂ ಜೊತೆಗಿದ್ದಳು. ಹಿಂದಿನ ಕೋಣೆಯಲ್ಲಿ ಎದೆಮಟ್ಟದವರೆಗೆ ಗೋಡೆಯ ಗಾರೆ ಬೇರೆ ಬಣ್ಣದ್ದು ಕಂಡು, “ಇದ್ಯಾಕೆ ಇಲ್ಲಿ ಸಿಮೆಂಟು?” ಎಂದು ಕೇಳಿದಳು. ಕೇಳಿದ್ದು ವೆಂಕಟರಂಗಯ್ಯನನ್ನು. ಉತ್ತರ ಕೊಟ್ಟಿದ್ದು ಗಂಡ: “ನಿಂಗೆ ಮನೆ ತೋರಿಸ್ತಿರೋದು, ಪರೀಕ್ಷೆ ಮಾಡು ಅಂದಿಲ್ಲ.”

ವೆಂಕಟರಂಗಯ್ಯ ಏಣಿಗೆ ಕೈ ಇಟ್ಟು, “ಅಟ್ಟ ನೋಡ್ತೀಯೇನಪ್ಪಾ ಅಡವಿಯಪ್ಪ? ಬೀಗದ ಕೈ ತರಿಸ್ತೀನಿ,” ಎಂದಿದ್ದ.

“ನಿಮ್ ಅಟ್ಟ ನಾನ್ ಹತ್ತಿ ನೋಡ್ಬೇಕಾ ವೆಂಕಟರಂಗಯ್ಯನೋರೇ? ವರ್ಷಾ ವರ್ಷಾ ಕೈಯಾಗ್ ಹಿಡ್ದು ನೋಡಿವ್ನಿ.”

ವೆಂಕಟರಂಗಯ್ಯ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಏಣಿಯಿಂದ ಕೈ ತೆಗೆದು, “ಸರಿ ಬುಡು,” ಎಂದ.

ಕ್ಯಾತ್ಸಂದ್ರದಿಂದ ಬಂದ ಮೂರನೆಯ ದಿನ, ಹೆಂಡತಿಯನ್ನು ಕೇಳದೆ, ಮಗಳನ್ನು ಕೇಳದೆ, ಅಡವಿಯಪ್ಪ ಮಂಡಿಯಲ್ಲಿ ಸಾಹುಕಾರರ ಎದುರಿಗೆ ಎಲೆ ಅಡಿಕೆಯ ಮೇಲೆ ಒಂದು ಲಕ್ಷ ಇಟ್ಟು ವೆಂಕಟರಂಗಯ್ಯನ ಕೈಗೆ ಕೊಟ್ಟುಬಿಟ್ಟ. ಸೋಮವಾರ ಕರಾರು ಪತ್ರ ಎಂದು ಮಾತಾಯಿತು.

“ಮನೆ ನೋಡಿದ್ಯಾ ಸರಿಯಾಗಿ?” ಎಂದು ಸಾಹುಕಾರರು ಕೇಳಿದರು.

“ಸಾವ್ಕಾರ್ರೇ, ನಂಗೆ ಆ ಮನೆ ಕೊಬ್ಬರಿ ಹೇಳೈತೆ. ಸೂರಲ್ಲಿ ಒಂದ್ ತೂತಿಲ್ಲ, ಗೋಡೇಲಿ ಒಂದ್ ತೊಟ್ಟು ತೇವ ಇಲ್ಲ. ಇದ್ರೆ ನನ್ ಕೈ ಕಡೀರಿ.”

ಹತ್ತು ಜನ ಕೇಳಿಸಿಕೊಂಡರು. ಹಮಾಲಿಗಳು ಮೂಟೆ ಇಳಿಸಿ ನಿಂತು ಕೇಳಿಸಿಕೊಂಡರು. ವೆಂಕಟರಂಗಯ್ಯ ಮಾತ್ರ ಎಲೆಗೆ ಸುಣ್ಣ ಸವರುತ್ತಾ ತಲೆ ಬಗ್ಗಿಸಿಕೊಂಡಿದ್ದ.

ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ತಿಳಿದು ಭೂಮಿಕಾ ತಟ್ಟೆಯಿಂದ ಕೈ ತೆಗೆದಳು. ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. “ದಿನಾ ರೈಲು ಹತ್ತೋಳು ನಾನು,” ಎಂದಳು ಅಷ್ಟೇ. ಕಲ್ಲಮ್ಮ ಸುಮ್ಮನಿರುವವಳಲ್ಲ. “ಮಗಳ ಸಂಬಳಕ್ಕೆ ಮುವ್ವತ್ತು ದಿನ ಕಾಯಬೇಕು. ನಿಮ್ ಬಾಯಿಗೆ ಮೂರು ದಿನಾನೂ ತಡ್ಕೊಳ್ಳಾಕೆ ಆಗಲಿಲ್ಲ,” ಎಂದಳು. ಅಡವಿಯಪ್ಪ ತಟ್ಟೆ ತಳ್ಳಿ ಎದ್ದುಹೋದ. ಮರುದಿನದಿಂದ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಅವನು ಗೆದ್ದೆ ಅಂದುಕೊಂಡ.

ಶನಿವಾರ ಸಾಹುಕಾರರು ಅವನನ್ನು ಕುಣಿಗಲ್ ಕಡೆಗೆ ಕಳಿಸಿದರು. ಅಲ್ಲಿಂದ ಮೂರು ಮೈಲಿ ಒಳಗಿನ ಒಂದು ಹಳ್ಳಿಯಲ್ಲಿ ಜಯಪ್ರಕಾಶ್ ಎಂಬ ರೈತ ಹೊಸದಾಗಿ ಇವರ ಮಂಡಿಗೆ ಕೊಬ್ಬರಿ ಕೊಡಲು ಒಪ್ಪಿದ್ದ. ಮಾಲು ಹೇಗಿದೆ ಎಂದು ಅಟ್ಟದಲ್ಲೇ ನೋಡಿಕೊಂಡು ಬರಬೇಕಿತ್ತು.

ಜಯಪ್ರಕಾಶನಿಗೆ ಮೂವತ್ತೈದು ವರ್ಷವಿರಬಹುದು. ಮಾತುಗಾರ. ಮಜ್ಜಿಗೆ ಕೊಟ್ಟು ಅಟ್ಟ ಹತ್ತಿಸಿದ. ಅಟ್ಟ ಬೆಚ್ಚಗೆ, ಒಣಗಿ, ಗಾಳಿಯಾಡುತ್ತಿತ್ತು, ಅಡವಿಯಪ್ಪನಿಗೆ ದೇವಸ್ಥಾನಕ್ಕೆ ಬಂದ ಹಾಗಾಯಿತು. ಎಡಗಡೆ ಒಂದು ರಾಶಿ, ಬಲಗಡೆ ಒಂದು ರಾಶಿ, ನಡುವೆ ಅಡ್ಡಕ್ಕೆ ಹಲಗೆ. ಅವನು ಎಡಗಡೆಯಿಂದ ಹತ್ತು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಬಲಗಡೆಗೆ ಕೈ ಚಾಚಿದಾಗ ಜಯಪ್ರಕಾಶ್ ತಡೆದ.

“ಅದು ನಂದಲ್ಲ ಅಣ್ಣ, ಬುಡಿ. ನಮ್ ಮಾವಂದು.”

“ಯಾವ ಮಾವ?”

“ಹೆಂಡ್ತಿ ಕಡೆ ಮಾವ. ಗುಬ್ಬಿ. ನಿಮ್ ಮಂಡಿಗೇ ಹಾಕೋದು ಅವ್ರು, ಗೊತ್ತಿರ್ಬೇಕು ನಿಮ್ಗೆ. ವೆಂಕಟರಂಗಯ್ಯ ಅಂತ.”

ಅಡವಿಯಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಒಂದು ಕಾಯಿ ಎತ್ತಿದ. ಅಲ್ಲಾಡಿಸಿದ. ಒಳಗೆ ಉಂಡೆ ಕಟಕಟ ಉರುಳಿತು.

“ಅವ್ರಿಗೆ ಗುಬ್ಬಿಲೇ ಅಷ್ಟುದ್ದ ಅಟ್ಟ ಐತಲ್ಲಪ್ಪಾ?” ಎಂದ.

“ಅಯ್ಯೋ, ಅದೊಂದು ಅಟ್ಟಾನಾ! ಹಿಂದ್ಗಡೆ ಹಳ್ಳ ಐತೆ ನೋಡಿ. ಮಳೆ ಜೋರಾಗಿ ಹಳ್ಳ ತುಂಬಿದ್ರೆ ಹಿಂದಿನ ಗೋಡೆ ಎದೆಮಟ್ಟ ನೀರು ಹೀರ್ಕೊಳ್ತದೆ. ಹನ್ನೊಂದು ವರ್ಷದ ಹಿಂದೆ ಎಂಟ್ ಸಾವಿರ ಕಾಯಿ ಬೂಸ್ಟು ಹಿಡ್ದು ತಿಪ್ಪೆಗೆ ಹೋದ್ವು. ಅವತ್ತಿಂದ ಸಿ.ಎಸ್. ಪುರದಾಗಿರೋ ಮಾವನ ತೋಟದಿಂದ ಕಾಯಿ ಟೆಂಪೋ ಸೀದಾ ಇಲ್ಲಿಗೇ ಬರ್ತದೆ. ಇಲ್ಲಿ ಒಣಗಿಸಿ ಗುಬ್ಬಿಗೆ ಕಳಿಸ್ತೀವಿ.”

ಅಡವಿಯಪ್ಪ ಕಾಯಿಯನ್ನು ಇದ್ದ ಜಾಗದಲ್ಲೇ ಇಟ್ಟ.

“ಈಗ ಆ ಮನೆ ಮಾರ್ತವ್ರೆ,” ಎಂದು ಜಯಪ್ರಕಾಶ್ ಖುಷಿಯಿಂದ ಮುಂದುವರಿಸಿದ. “ಯಾರೋ ಪಾರ್ಟಿ ಸಿಕ್ಕವ್ರಂತೆ. ಅಟ್ಟ ಹತ್ತಿ ನೋಡಪ್ಪಾ ಅಂದ್ರೂ ನೋಡ್ಲಿಲ್ವಂತೆ! ಮಾವ ಫೋನಲ್ಲಿ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು. ನಾನೇನು ಮುಚ್ಚಿಡಲಿಲ್ಲ, ಅವ್ನೇ ಬ್ಯಾಡ ಅಂದ ಅಂತ.”

ಅಡವಿಯಪ್ಪ ಏಣಿ ಇಳಿದ. ಕೊನೆಯ ಮೆಟ್ಟಿಲು ಕಾಲಿಗೆ ಸಿಗದೆ ಮುಗ್ಗರಿಸಿದ. “ಮಾಲು ಚೆನ್ನಾಗೈತೆ. ಮೊದಲನೇ ದರ್ಜೆ,” ಎಂದು ಹೇಳಿ, ಊಟ ಮಾಡಿಕೊಂಡು ಹೋಗಿ ಅಂದರೂ ನಿಲ್ಲದೆ ರಸ್ತೆಗೆ ಬಂದ.

ಕುಣಿಗಲ್‌ನಿಂದ ತುಮಕೂರಿಗೆ, ತುಮಕೂರಿನಿಂದ ಗುಬ್ಬಿಗೆ ಎರಡು ಬಸ್ಸು. ದಾರಿಯುದ್ದಕ್ಕೂ ಅವನು ಬೈಯಲು ಒಬ್ಬ ಮನುಷ್ಯನನ್ನು ಹುಡುಕಿದ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ? ಜಯಪ್ರಕಾಶ್ ಇದ್ದದ್ದು ಹೇಳಿದ್ದ. ವೆಂಕಟರಂಗಯ್ಯ ಏಣಿಗೆ ಕೈ ಇಟ್ಟು ಕರೆದಿದ್ದ. ಕಲ್ಲಮ್ಮ ಸಿಮೆಂಟು ಯಾಕೆ ಎಂದು ಕೇಳಿದ್ದಳು. ಕೊಬ್ಬರಿ ಬೆಳ್ಳಗೇ ಇತ್ತು, ಅದರಲ್ಲೂ ಸುಳ್ಳಿರಲಿಲ್ಲ. ಹನ್ನೊಂದು ವರ್ಷ ಅವನು ಹೊಗಳಿದ್ದು ಕುಣಿಗಲ್ ಸೀಮೆಯ ಈ ಹುಡುಗನ ಅಟ್ಟವನ್ನು. ಯಾವ ಅಟ್ಟದ್ದು ಎಂದು ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತು. ಕೇಳಿರಲಿಲ್ಲ. ಕೇಳುವವನು ತಾನಲ್ಲ, ಹೇಳುವವನು ಎಂದುಕೊಂಡಿದ್ದ.

ಮನೆಗೆ ಬಂದಾಗ ಭೂಮಿಕಾ ಜಮಖಾನದ ಮೇಲೆ ಕಾಗದಗಳನ್ನು ಹರಡಿಕೊಂಡು ಕೂತಿದ್ದಳು. ಸಂಬಳದ ಚೀಟಿ, ಆಧಾರ್ ಜೆರಾಕ್ಸು, ಬ್ಯಾಂಕಿನ ಪುಸ್ತಕ.

“ಅಪ್ಪ, ಕರಾರಿಗೆ ನನ್ನ ಸಹಿ ಬೇಕಂತೆ. ಸೋಮವಾರ ರಜೆ ಹಾಕಿದೀನಿ,” ಎಂದಳು. ಕಾಗದಗಳನ್ನು ಜೋಡಿಸುತ್ತಾ, “ನಂಗೆ ಆ ಮನೆ ಮೇಲೆ ಮನಸಿಲ್ಲ. ಆದ್ರೆ ನೀನು ಮಾತು ಕೊಟ್ಟಿದೀಯ. ಮತ್ತೆ ಆ ವಿಷ್ಯದಲ್ಲಿ ನಿನ್ನ ಕಣ್ಣು ತಪ್ಪಲ್ಲ ಅಂತ ಎಲ್ಲಾರೂ ಹೇಳ್ತಾರೆ.”

ಈಗ ಹೇಳಬಹುದಿತ್ತು. ಬಾಯಿ ತೆರೆದ. ಹೊರಗೆ ಬಂದದ್ದು, “ಸಾರಿಗೆ ಉಪ್ಪು ಹಾಕಾಕೆ ಈ ಮನೇಲಿ ಯಾರ್ಗೂ ಕೈ ಬರಲ್ವಾ?”

“ಇನ್ನೂ ಬಡಿಸೇ ಇಲ್ಲ ಕಣ್ರೀ ಸಾರು,” ಎಂದಳು ಕಲ್ಲಮ್ಮ ಒಳಗಿನಿಂದ.

ಭಾನುವಾರ ಮಧ್ಯಾಹ್ನ ಬಿಸಿಲಲ್ಲಿ ಅವನು ಒಬ್ಬನೇ ವೆಂಕಟರಂಗಯ್ಯನ ಮನೆಯ ಹಿಂದಿನ ಓಣಿಗೆ ಹೋದ. ಹಳ್ಳ ಒಣಗಿ ಬಿರುಕು ಬಿಟ್ಟಿತ್ತು, ಒಂದು ಹಂದಿ ಮಲಗಿತ್ತು. ಗೋಡೆಯ ಬುಡಕ್ಕೆ ಹೊಸ ಸುಣ್ಣ. ಬೀಗದ ಕೈಯಿಂದ ಕೆರೆದ. ಸುಣ್ಣದ ಕೆಳಗೆ ಸಿಮೆಂಟು, ಸಿಮೆಂಟಿನ ಅಂಚಿನಲ್ಲಿ ಬಿಳಿ ಉಪ್ಪಿನ ಹಾಗೆ ಹೂ ಬಿಟ್ಟ ಪುಡಿ. ಅದನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿ ಉಗಿದ. ಚೌಳು. ಏಪ್ರಿಲ್ ಬಿಸಿಲಲ್ಲೇ ಹೀಗಾದರೆ ಆಶ್ವೀಜದ ಮಳೆಯಲ್ಲಿ ಹೇಗೋ. ಆ ಹಿಂದಿನ ಕೋಣೆಯನ್ನೇ ಭೂಮಿಕಾಗೆ ಅಂತ ಅವನು ಗೊತ್ತು ಮಾಡಿದ್ದ.

ಸೋಮವಾರ ಹತ್ತು ಗಂಟೆಗೆ ಮಂಡಿಯಲ್ಲಿ ಜಮಖಾನ ಹಾಸಿತ್ತು. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಛಾಪಾ ಕಾಗದ. ಸಾಹುಕಾರರು ಮೈಸೂರುಪಾಕು ತರಿಸಿದ್ದರು. ಕೊಬ್ಬರಿ ತಂದ ರೈತರು ಏಳೆಂಟು ಜನ ಮೂಟೆಗಳ ಮೇಲೆ ಕೂತಿದ್ದರು. ಅವರಲ್ಲಿ ನರಸಮ್ಮ ಎಂಬ ಮುದುಕಿ, ಅಡವಿಯಪ್ಪನ ದರ್ಜೆಗೆ ಪ್ರತಿ ವರ್ಷ ಜಗಳ ತೆಗೆಯುವವಳು, ಎಲ್ಲರಿಗಿಂತ ಮುಂದೆ ಕೂತಿದ್ದಳು.

ವೆಂಕಟರಂಗಯ್ಯ ಇಸ್ತ್ರಿ ಪಂಚೆ ಉಟ್ಟು ಬಂದ. ಕೂತು, ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, “ಏನ್ ಅಡವಿಯಪ್ಪ, ಶನಿವಾರ ಕುಣಿಗಲ್ ಕಡೆ ಹೋಗಿದ್ಯಂತೆ? ನಮ್ ಅಳಿಯ ಫೋನ್ ಮಾಡಿದ್ದ,” ಎಂದ.

“ಹೋಗಿದ್ದೆ.”

“ಅಟ್ಟ ಹತ್ತಿದ್ಯಂತೆ.”

“ಹತ್ತಿದ್ದೆ.”

“ಹೆಂಗಿತ್ತು?”

ಅಡವಿಯಪ್ಪನಿಗೆ ಅರ್ಥವಾಯಿತು. ಮುದುಕನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಬಂದು ಕೂತಿದ್ದಾನೆ. ಈ ಮಂಡಿಯಲ್ಲಿ, ಇಷ್ಟು ಜನರ ಮುಂದೆ, ನನ್ನ ಕೈ ಕಡೀರಿ ಎಂದವನು ಬಾಯಿ ಬಿಡುವುದಿಲ್ಲ ಎಂದು ಲೆಕ್ಕ ಹಾಕಿದ್ದಾನೆ. ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು. ಶನಿವಾರದಿಂದ ಇಲ್ಲಿಯವರೆಗೆ ಅಡವಿಯಪ್ಪ ಬಾಯಿ ಬಿಟ್ಟಿರಲಿಲ್ಲ.

“ಚೆನ್ನಾಗಿತ್ತು,” ಎಂದ.

“ಮತ್ತಿನ್ನೇನು,” ಎಂದು ವೆಂಕಟರಂಗಯ್ಯ ಕನ್ನಡಕ ಏರಿಸಿ ಎರಡು ಕಡೆ ಸಹಿ ಹಾಕಿದ. ಕಾಗದ ಭೂಮಿಕಾ ಕಡೆ ಬಂತು.

ಅವಳು ಓದಲಿಲ್ಲ. ಮೂರು ಸಲ ಓದುವ ಹುಡುಗಿ ಅವಳು. ಸಂಘದಲ್ಲಿ ಬೇರೆಯವರ ಕಾಗದದಲ್ಲಿ ಒಂದು ಕೊಂಬು ಹೆಚ್ಚಾದರೂ ವಾಪಸು ಕಳಿಸುತ್ತಾಳೆ ಎಂದು ಅವಳ ಆಫೀಸಿನವರೇ ಹೇಳುತ್ತಿದ್ದರು. ಈಗ ಕಾಗದದ ಕೆಳಗಿನ ಜಾಗ ಮಾತ್ರ ಹುಡುಕಿದಳು. ಓದಿ ಏನು ಪ್ರಯೋಜನ ಎನ್ನುವ ಹಾಗಿತ್ತು ಅವಳ ಮುಖ. ಪೆನ್ನಿನ ಕ್ಯಾಪು ತೆಗೆದಳು. ಕಲ್ಲಮ್ಮ ಸೆರಗಿನ ತುದಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು.

ಪೆನ್ನು ಕಾಗದಕ್ಕೆ ತಾಗಿತು.

“ಹಾಕಬ್ಯಾಡ ಕಣೇ!”

ಅಡವಿಯಪ್ಪ ಕೂಗಿದ ಕೂಗಿಗೆ ತೂಕದ ಯಂತ್ರದ ಹತ್ತಿರ ನಿಂತಿದ್ದ ಹಮಾಲಿ ಕೂಡ ತಿರುಗಿದ. ಭೂಮಿಕಾಳ ಕೈಯಿಂದ ಪೆನ್ನು ಜಾರಿ, ಕಾಗದದ ಮೇಲೆ ಭೂ ಅಕ್ಷರದ ಅರ್ಧ ಮಾತ್ರ ಉಳಿಯಿತು.

“ಏನಾಯ್ತೋ?” ಎಂದರು ಸಾಹುಕಾರರು.

“ಮನೆ ತೇವ ಐತೆ. ಹಿಂದಿನ ಗೋಡೆ ಎದೆಮಟ್ಟ ಹಳ್ಳದ ನೀರು ಹೀರ್ತದೆ. ಆ ಅಟ್ಟಕ್ಕೆ ಹನ್ನೊಂದು ವರ್ಷದಿಂದ ಒಂದು ಕಾಯಿ ಹಾಕಿಲ್ಲ. ನಾನು ನೋಡ್ತಿದ್ದ ಕೊಬ್ಬರಿ ಒಣಗಿದ್ದು ಕುಣಿಗಲ್‌ನಾಗೆ, ಇವ್ರ ಅಳಿಯನ ಮನೇಲಿ.”

ವೆಂಕಟರಂಗಯ್ಯನ ಮುಖ ಕೆಂಪಾಯಿತು.

“ನಾನ್ ಸುಳ್ಳು ಹೇಳಿದ್ನಾ ಅಡವಿಯಪ್ಪ? ಕೇಳು ಇಲ್ಲಿ, ಎಲ್ರ ಮುಂದೇನೇ ಹೇಳು. ಅಟ್ಟ ನೋಡು ಅಂದ್ನೋ ಇಲ್ವೋ?”

“ಅಂದ್ರಿ.”

“ನೀನ್ ಏನಂದೆ?”

“ಬ್ಯಾಡ ಅಂದೆ.” ಅಡವಿಯಪ್ಪ ಎದ್ದು ನಿಂತ. “ನೀವು ಸುಳ್ಳು ಹೇಳ್ಲಿಲ್ಲ. ಸುಮ್ನಿದ್ದು ನಕ್ರಿ. ನನ್ ಮಗಳು ಇಪ್ಪತ್ತು ವರ್ಷ ಕಂತು ಕಟ್ಕೊಂಡು ಆ ಚೌಳು ಗೋಡೆ ಪಕ್ಕ ಮಲಗ್ಲಿ ಅಂತ ಪಂಚೆ ಇಸ್ತ್ರಿ ಮಾಡ್ಸ್ಕೊಂಡು ಬಂದ್ರಿ.”

“ನಾಲಿಗೆ ಬಿಗಿ ಹಿಡಿ!”

“ಹಿಡ್ದಿದ್ದೆ. ಎರಡು ದಿನ ಹಿಡ್ದಿದ್ದೆ. ಅದೇ ತಪ್ಪಾಗಿದ್ದು.”

ನರಸಮ್ಮ ಮೂಟೆಯಿಂದ ಇಳಿದು ಬಂದಳು. ಇಂಥ ಗಳಿಗೆಗೆ ಅವಳು ಎಷ್ಟು ವರ್ಷದಿಂದ ಕಾದಿದ್ದಳೋ. “ಹಂಗಾರೆ ಹೋದ್ ವರ್ಷ ನನ್ ಕೊಬ್ಬರಿ ಕೌಟು ಅಂದ್ಯಲ್ಲಪ್ಪಾ, ಅದೂ ಹಿಂಗೇನಾ? ಕಣ್ಣು ಮುಚ್ಕೊಂಡು?”

“ನಿನ್ ಕೊಬ್ಬರಿ ಕೌಟೇ ಕಣಮ್ಮ. ಕೊಬ್ಬರಿ ವಿಷ್ಯದಾಗೆ ನಾನ್ ತಪ್ಪಿಲ್ಲ. ಮನೆ ವಿಷ್ಯದಾಗೆ ತಪ್ಪಿದೀನಿ.”

“ಯಾರಿಗ್ ಗೊತ್ತಪ್ಪಾ!” ಎಂದು ಅವಳು ಸುತ್ತ ನೋಡಿದಳು. ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬ, “ಕೈ ಕಡೀರಿ ಅಂದಿದ್ದ, ಮಚ್ಚು ತರ್ಲಾ ಸಾವ್ಕಾರ್ರೇ?” ಎಂದ. ನಗೆ ಮೂಟೆಯಿಂದ ಮೂಟೆಗೆ ಹಾರಿತು. ಬೇರೆ ದಿನವಾಗಿದ್ದರೆ ಅಡವಿಯಪ್ಪ ಹೋಗಿ ಅವನ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದ. ಇವತ್ತು ನೆಲ ನೋಡಿಕೊಂಡು ನಿಂತ.

ಸಾಹುಕಾರರು ಗಂಟಲು ಸರಿಮಾಡಿಕೊಂಡರು. “ಹಿಂದಕ್ಕೆ ಸರಿದೋನು ನೀನು. ಅಡ್ವಾನ್ಸ್ ಬಿಡ್ಬೇಕಾಗ್ತದಲ್ಲೋ.”

“ಇಟ್ಕೊಳ್ಳಿ,” ಎಂದ ಅಡವಿಯಪ್ಪ ವೆಂಕಟರಂಗಯ್ಯನಿಗೆ. “ಇನ್ನೊಂದ್ ಕೋಟು ಸುಣ್ಣಕ್ಕಾಯ್ತದೆ.”

ತುಮಕೂರಿನ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು. ಎಲ್ಲಿಗೆ ಎಂದು ಅಪ್ಪ ಕೇಳಲಿಲ್ಲ. ಟಿಕೆಟ್ ಭೂಮಿಕಾ ತೆಗೆದಳು. ಹೆಗ್ಗೆರೆ ದಾಟುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ತಿರುಗದೆಯೇ ಹೇಳಿದಳು:

“ಶನಿವಾರವೇ ಗೊತ್ತಿತ್ತು ನಿಂಗೆ.”

“ಹ್ಞೂಂ.”

“ನಾನು ಪೆನ್ನು ಇಡೋ ತಂಕ ನೀನು ಸುಮ್ನಿದ್ದೆ. ನಾನು ಸ್ವಲ್ಪ ಬೇಗ ಬರೀತಿದ್ದಿದ್ರೆ?”

ಕಲ್ಲಮ್ಮ ಬಾಯಿ ಹಾಕಲು ಹೋಗಿ, ಗಂಡನ ಮುಖ ನೋಡಿ ಬಿಟ್ಟಳು.

ಕ್ಯಾತ್ಸಂದ್ರದ ಮನೆಯ ಮುಂದೆ ಸಂಗಮೇಶ ಫೋನಿನಲ್ಲಿ ಮಾತಾಡುತ್ತಿದ್ದ. ಇವರನ್ನು ಕಂಡು ಹುಬ್ಬೇರಿಸಿದ. “ಶಿರಾದವರು ನಾಲ್ಕು ಗಂಟೆಗೆ ಬರ್ತಾರೆ ಮೇಡಂ. ನೀವು ಗುಬ್ಬೀಲೇ ತಗೊಂಡ್ರಿ ಅಂತ ಕೇಳಿದ್ದೆ.”

“ತಗೊಳ್ಲಿಲ್ಲ,” ಎಂದಳು ಭೂಮಿಕಾ. “ಇನ್ನೊಂದು ಸಲ ನೋಡ್ಬೇಕು.”

ಅವಳೂ ಕಲ್ಲಮ್ಮನೂ ಒಳಗೆ ಹೋದರು. ಅಡವಿಯಪ್ಪ ಗೇಟಿನ ಹತ್ತಿರವೇ ನಿಂತ. ಭೂಮಿಕಾ ವಾಪಸು ಬಾಗಿಲಿಗೆ ಬಂದಳು.

“ಒಳಗೆ ಬಾ ಅಪ್ಪ.”

“ನಾನ್ ನೋಡಿ ಏನಾಗ್ಬೇಕು? ನೋಡಿದ್ ಸಾಕಾಯ್ತು.”

“ನೋಡು ಅಂತ ಕರೀತಿಲ್ಲ. ನಂಗೆ ಇವರ ಹತ್ರ ಗಟ್ಟಿಯಾಗಿ ಕೇಳಕ್ಕೆ ಬರಲ್ಲ, ಅಮ್ಮನ್ನ ಇವರು ಲೆಕ್ಕಕ್ಕೆ ತಗೊಳ್ಳಲ್ಲ. ನಿಂಗೆ ಬಾಯಿದೆ. ಬೈಯಕ್ಕೆ ಮಾತ್ರಾನಾ ಅದು?”

ಅವನು ಒಳಗೆ ಹೋಗಲಿಲ್ಲ. ಗೇಟಿನಿಂದ ಸೀದಾ ಸಂಗಮೇಶನ ಮುಂದೆ ಹೋಗಿ ನಿಂತ.

“ಇಲ್ಲಿ ಮನೆ ಕಟ್ಟೋಕೆ ಮುಂಚೆ ಏನಿತ್ತಯ್ಯಾ?”

“ಹೊಲ ಯಜಮಾನ್ರೇ. ಎಲ್ಲಾ ಕ್ಲಿಯರ್ ಇದೆ, ಇ-ಖಾತಾನೂ ಆಗಿದೆ.”

“ಖಾತೆ ನನ್ ಮಗಳು ಓದ್ತಾಳೆ. ನಾನ್ ಕೇಳಿದ್ದು ಮಣ್ಣು. ಎಂಥ ಹೊಲ? ನೀರು ಎಲ್ಲಿ ನಿಲ್ತಿತ್ತು?”

ಸಂಗಮೇಶ ಫೋನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. “ಅಷ್ಟೆಲ್ಲ ನನಗೆ ಹೆಂಗ್ ಗೊತ್ತಿರುತ್ತೆ? ನಾನು ಸೈಟು ತಗೊಂಡಿದ್ದು.”

“ಯಾರಿಗ್ ಗೊತ್ತಿರ್ತದೆ? ಹೊಲ ಯಾರ್ದು?”

“ಅಲ್ಲಿ, ಆ ಹೆಂಚಿನ ಮನೆಯವರದು. ಆದ್ರೆ ಅವರನ್ನೆಲ್ಲ ಯಾಕೆ...”

ಅಡವಿಯಪ್ಪ ಆಗಲೇ ರಸ್ತೆ ದಾಟಿದ್ದ. ತಾಯಿ ಮಗಳು ಹಿಂದೆ ಓಡಿದರು. ಹೆಂಚಿನ ಮನೆಯ ಜಗುಲಿಯ ಮೇಲೆ ಎಂಬತ್ತರ ಮುದುಕಿ ಹುಣಸೆಹಣ್ಣಿನ ಸಿಪ್ಪೆ ಬಿಡಿಸುತ್ತಾ ಕೂತಿದ್ದಳು. ಹೆಸರು ಪುಟ್ಟತಾಯಮ್ಮ. ಅಡವಿಯಪ್ಪ ಚಪ್ಪಲಿ ಬಿಟ್ಟು, ಜಗುಲಿಯ ಕೆಳಗೇ ಕುಕ್ಕರಗಾಲಲ್ಲಿ ಕೂತು, “ಅವ್ವಾ, ನಂಗೇನೂ ಗೊತ್ತಿಲ್ಲ, ಅದ್ಕೇ ಕೇಳಾಕೆ ಬಂದೆ,” ಎಂದು ಶುರುಮಾಡಿದ. ಕಲ್ಲಮ್ಮ ಮಗಳ ಮೊಣಕೈ ಹಿಡಿದುಕೊಂಡಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವಳು ಕೇಳಿರಲಿಲ್ಲ.

ಮುದುಕಿಗೆ ಹೊಲದ ಒಂದೊಂದು ಮೂಲೆಯೂ ನೆನಪಿತ್ತು. ಈ ಮನೆ ನಿಂತಿರುವುದು ರಾಗಿ ಕಣದ ಜಾಗ. ದಿಣ್ಣೆ, ಗರಸು ನೆಲ, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ನೀರು ನಿಲ್ಲುತ್ತಿದ್ದದ್ದು ಆ ತುದಿಯಲ್ಲಿ, ನೀಲಿ ಬಣ್ಣದ ಮನೆ ಇರುವ ಕಡೆ. ಅಲ್ಲಿ ಒಂದು ಹಾಳು ಬಾವಿಯೂ ಇತ್ತು, ಮಣ್ಣು ತುಂಬಿ ಮುಚ್ಚಿದರು. “ಅದನ್ ಕಟ್ದೋನೂ ಇವ್ನೇಯ,” ಎಂದು ಹುಣಸೆ ಸಿಪ್ಪೆ ಹಿಡಿದ ಕೈಯಲ್ಲಿ ಸಂಗಮೇಶನ ಕಡೆ ತೋರಿಸಿದಳು. “ಈ ಮನೆ ಗ್ವಾಡೆಗೆ, ಸಿಮೆಂಟು ಗಟ್ಟಿಯಾಗ್ಲಿ ಅಂತ, ನೀರು ಮಾತ್ರ ದಿನಾ ಹಾಕ್ಸಿದ. ನಾನು ಇಲ್ಲೇ ಕುಂತು ನೋಡ್ತಿದ್ನಲ್ಲ. ಬರೀ ಹದಿನೈದು ದಿನ. ಆಮ್ಯಾಲೆ ಬುಟ್ಟ.”

“ಹದಿನೈದು ದಿನ ಸಾಕಾಗತ್ತಾ?” ಎಂದು ಭೂಮಿಕಾ ಅಪ್ಪನನ್ನು ಕೇಳಿದಳು.

ಅವನ ನಾಲಿಗೆಯ ತುದಿಗೆ ಒಂದು ತೀರ್ಪು ಬಂತು. ನುಂಗಿಕೊಂಡ.

“ಗೊತ್ತಿಲ್ಲ. ಗೊತ್ತಿರೋ ಮೇಸ್ತ್ರಿನ ಕೇಳಣ.”

ಸಂಗಮೇಶ ರಸ್ತೆ ದಾಟಿ ಬಂದ. ಮುಖ ಬಿಗಿದಿತ್ತು. “ಮೇಡಂ, ಮೂರೂವರೆ ಆಯ್ತು. ಅವರು ಹೊರಟಿದಾರೆ. ಏನಾದ್ರೂ ಒಂದು ಹೇಳಿ.”

ಭೂಮಿಕಾ ಮತ್ತೆ ಅಪ್ಪನ ಕಡೆ ನೋಡಿದಳು. ಅವನಿಗೆ ಸಿಟ್ಟು ಬಂತು, ಇಡೀ ದಿನ ನುಂಗಿದ್ದೆಲ್ಲ ಒಟ್ಟಿಗೆ.

“ನನ್ ಮುಖ ಏನ್ ನೋಡ್ತೀಯೇ? ಸಾಲ ತೀರಿಸೋಳು ನೀನು, ಇರೋಳು ನೀನು. ನನ್ ಮುಖ ನೋಡಿದ್ದಕ್ಕೇ ಬೆಳಿಗ್ಗೆ ಅರ್ಧ ಸಹಿ ಹಾಕಿದ್ದಿ. ಬಾಯಿ ಬುಟ್ಟು ಹೇಳು!”

ಭೂಮಿಕಾ ಎದುರಿನ ಮನೆಯನ್ನು ಒಂದು ಸಲ ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಬ್ಯಾಗಿನಿಂದ ಪೆನ್ನು ತೆಗೆದಳು, ಆದರೆ ಕ್ಯಾಪು ತೆಗೆಯಲಿಲ್ಲ.

“ನಾಳೆ ಬೆಳಿಗ್ಗೆ ಒಬ್ಬ ಮೇಸ್ತ್ರೀನ ಕರ್ಕೊಂಡು ಬರ್ತೀವಿ. ಅವರು ಗೋಡೆ, ತಾರಸಿ ಮೋಲ್ಡು ನೋಡಿ ಸರಿ ಇದೆ ಅಂದ್ರೆ ಮಾತ್ರ ತಗೋತೀವಿ. ಸರಿ ಇಲ್ಲ ಅಂದ್ರೆ ಅಡ್ವಾನ್ಸ್ ಪೂರ್ತಿ ವಾಪಸ್. ಹಂಗಂತ ಈಗ್ಲೇ ಬರೆದು ಸಹಿ ಹಾಕಿಕೊಡಿ. ಇವತ್ತೇ ಅಡ್ವಾನ್ಸ್ ಕೊಡ್ತೀನಿ.”

“ಹಂಗೆಲ್ಲ ಯಾರೂ ಬರೆದುಕೊಡಲ್ಲ ಮೇಡಂ.”

“ಹಂಗಾದ್ರೆ ಶಿರಾದವರಿಗೇ ಕೊಡಿ. ಆದ್ರೆ ಅವರು ಬಂದಾಗ ನಾವು ಇಲ್ಲೇ ಅಜ್ಜಿ ಜಗುಲಿ ಮೇಲೆ ಕೂತಿರ್ತೀವಿ. ಆ ನೀಲಿ ಮನೆ ಎಂಥ ಜಾಗದಲ್ಲಿ ಕಟ್ಟಿದ್ರಿ, ಈ ಗೋಡೆಗೆ ನೀರು ಎಷ್ಟು ದಿನ ಹಾಕಿದ್ರಿ ಅಂತ ಅವರಿಗೂ ಹೇಳ್ತೀವಿ.”

ಸಂಗಮೇಶ ಅವಳನ್ನು ನೋಡಿದ, ಅವಳಪ್ಪನನ್ನು ನೋಡಿದ, ಹುಣಸೆಹಣ್ಣು ಬಿಟ್ಟು ಕಿವಿ ಚಾಚಿದ್ದ ಮುದುಕಿಯನ್ನು ನೋಡಿದ. ಅವನ ಫೋನು ಬಡಿದುಕೊಳ್ಳಲು ಶುರುವಾಯಿತು, ಶಿರಾದವರದೇ. ಅವನು ಎತ್ತಿ, ಎರಡು ಹೆಜ್ಜೆ ಆಚೆ ಹೋಗಿ, ದನಿ ತಗ್ಗಿಸಿ ಹೇಳಿದ:

“ಸಾರ್, ಇವತ್ತು ಬರ್ಬೇಡಿ.”